ಕಾಲಂ ಬಿಟ್ಟು ಕಲ್ಲಿನ ಪಾಯ ಹಾಕಿಸಿದೆ

ತುಮಕೂರಿನ ಹತ್ತಿರ 30/40 ಸೈಟು. ಮೇಲೊಂದು ಮಹಡಿ, ಅಷ್ಟೇ. ಗೋಡೆಗೆ ಮಣ್ಣಿನ ಬ್ಲಾಕು ಅಂತ ಮೊದಲೇ ಗೊತ್ತುಮಾಡಿಕೊಂಡಿದ್ದೆ. ಮಣ್ಣಿಗೆ ಶೇ. 7ರಷ್ಟು ಸಿಮೆಂಟ್ ಬೆರೆಸಿ, ಮೆಷಿನ್ನಿನಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಆಯಿತು. ಸುಡುವ ಕೆಲಸವೇ ಇಲ್ಲ.

ಜಗಳ ಶುರುವಾಗಿದ್ದು ಪಾಯದ ವಿಷಯಕ್ಕೆ. ಕಾಲಂ, ಅಂದರೆ ಕಾಂಕ್ರೀಟ್ ಕಂಬ, ಬೇಡ, ಕಲ್ಲಿನ ಪಾಯ ಸಾಕು ಅಂದಿದ್ದೆ.

"ಕಾಲಂ ಇಲ್ದೆ ಮನೆ ನಿಲ್ತದಾ ಸಾರ್?" ಅಂದರು ಮೇಸ್ತ್ರಿ.

"ನೀವು ಹುಟ್ಟಿದ ಮನೆಗೆ ಎಷ್ಟು ಕಾಲಂ ಇದ್ವು?" ಅಂದೆ. ನಕ್ಕು ಸುಮ್ಮನಾದರು.

ಗೋಡೆಯೇ ಭಾರ ಹೊರುವಾಗ ಕಾಲಂ ಸುಮ್ನೆ ದಂಡ. ಅದಕ್ಕೆ ಬೇಕಾದ ಕಬ್ಬಿಣದ ಸರಳು, ಸಿಮೆಂಟು ಎರಡೂ ಬೆಂಕಿಯಲ್ಲಿ ಬೆಂದು ಬರುವ ಸಾಮಾನು. ಎಲ್‌ಇಡಿ ಹಾಕಿ ಕರೆಂಟ್ ಉಳಿಸುವುದಕ್ಕೆ ಮೊದಲೇ ಅಷ್ಟು ಇಂಧನವನ್ನು ನೆಲದಲ್ಲಿ ಹೂತಿರುತ್ತೇವೆ, ಅಲ್ವಾ? ಪಾಯಕ್ಕೆ ಹಾಕುವ ಸೈಜುಗಲ್ಲು (ಅಳತೆಗೆ ಒಡೆದ ಕಲ್ಲು) ನಮ್ಮಲ್ಲಿ ಹತ್ತಿರದಲ್ಲೇ ಸಿಗುತ್ತದೆ. ಆದರೆ ಎರೆ ಮಣ್ಣಿನ ಸೈಟಾಗಿದ್ದರೆ ನಾನೂ ಈ ಧೈರ್ಯ ಮಾಡುತ್ತಿರಲಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ ಕಲ್ಲಿನ ಪಾಯವನ್ನು ಸೀಳಿಬಿಡುತ್ತದೆ. ನಮ್ಮದು ಗಟ್ಟಿ ಕೆಂಪು ಮಣ್ಣು.

ಹಾಗಂತ ನಂಬಿದ್ದೆ. ಮೂರು ಗುಂಡಿ ತೆಗೆಸಿ ನೋಡಿಯೂ ಇದ್ದೆ, ಮೂರೂ ರಸ್ತೆ ಬದಿಗೆ. ಅಲ್ಲಿ ಅಗೆಯೋದು ಸುಲಭ, ಅದಕ್ಕೆ! ಪಾಯ ತೋಡುತ್ತಾ ಹಿಂದಿನ ಮೂಲೆಗೆ ಬಂದಾಗ ಹಾರೆ ಹಾಕಿದರೆ ಠಣ್ ಅನ್ನಲಿಲ್ಲ, ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಕಪ್ಪು ಮಣ್ಣು, ಕೊಳೆತ ಹುಲ್ಲು, ಒಂದು ಹಳೇ ಲಾಳ. ಯಾವ ಕಾಲದ್ದೋ ತಿಪ್ಪೆಗುಂಡಿ. ಗಟ್ಟಿ ನೆಲ ಸಿಗುವವರೆಗೆ ಇನ್ನೂ ಎರಡೂವರೆ ಅಡಿ ಇಳಿದು, ಅಕ್ಕಪಕ್ಕದ ಪಾಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕೂಡಿಸಿದೆವು. ನಾಲ್ಕು ದಿನ ಕೆಲಸ ನಿಂತಿತು. ತಪ್ಪು ನನ್ನದೇ.

ಉಳಿದ ಕಡೆ ಮೂರಡಿ ಅಗಲ, ನಾಲ್ಕಡಿ ಆಳ. ತಳಕ್ಕೆ ಆರಿಂಚು ಬೆಡ್ ಕಾಂಕ್ರೀಟ್, ಮೇಲೆ ಹೋದಂತೆ ಕಿರಿದಾಗುವ ಕಲ್ಲುಕಟ್ಟಡ. ಸರಳು ಬಳಸಿದ್ದು ಪ್ಲಿಂತ್ ಮಟ್ಟದ, ಅಂದರೆ ಪಾಯ ಮುಗಿದು ಗೋಡೆ ಶುರುವಾಗುವಲ್ಲಿನ, ನಾಲ್ಕಿಂಚಿನ ಕಾಂಕ್ರೀಟ್ ಪಟ್ಟಿಗೆ ಮಾತ್ರ. ಅದೊಂದನ್ನು ಬಿಡಬೇಡಿ, ಗೋಡೆಗಳನ್ನೆಲ್ಲ ಹಿಡಿದಿಡುವುದು ಅದೇ.

ಚಳಿದೇಶದ ವಿಡಿಯೋ ನೋಡಿ ನೆಲದಡಿ ಥರ್ಮಾಕೋಲ್ ಹಾಸಿಸೋಣವೇ ಅಂತ ತಮ್ಮ ಕೇಳಿದ. ಅಲ್ಲಿ ಮನೆಯ ಬಿಸಿ ನೆಲಕ್ಕೆ ಸೋರಬಾರದು. ನಮಗೆ ಸೋರಬೇಕು! ಮಣ್ಣು ತುಂಬಿ, ನೀರು ಬಿಟ್ಟು ದಿಮ್ಮಿಸಿ, ಕಾಂಕ್ರೀಟಿನ ಮೇಲೆ ರೆಡ್ ಆಕ್ಸೈಡ್ ಹಾಕಿಸಿದೆ. ಏಪ್ರಿಲ್ ಮಧ್ಯಾಹ್ನ ಚಾಪೆಯೂ ಇಲ್ಲದೆ ಮಲಗುತ್ತೇವೆ.

ಪಾಯ ತೋಡಿದ ಕೆಂಪು ಮಣ್ಣು ಬ್ಲಾಕಿಗೆ ಹೋಯಿತು. ತಿಪ್ಪೆಗುಂಡಿಯದು ಹಿತ್ತಲಿನ ಕರಿಬೇವಿನ ಬುಡಕ್ಕೆ.