ಏರಿಯಿಂದ ನೀರಿಗೆ ಮೂರಡಿ

ಆ ಹುಡುಗಿಗೆ ಆಗ ಹನ್ನೊಂದು ವರ್ಷ. ಗೆಳೆಯನ ಮಗಳು, ವೀಲ್‌ಚೇರ್ ಬಳಸುತ್ತಾಳೆ. ಒಂದು ಭಾನುವಾರ ಮನೆಯವರೆಲ್ಲ ನನ್ನ ಮೀನು ಹೊಂಡಕ್ಕೆ ಗಾಳ ಹಾಕಲು ಬಂದಿದ್ದರು. ಅವಳ ತಮ್ಮ ಸೀದಾ ನೀರಂಚಿಗೆ ಹೋಗಿ ಕೂತ. ಅವಳನ್ನು ನಾವಿಬ್ಬರು ಕುರ್ಚಿ ಸಮೇತ ಎತ್ತಿ ಏರಿಯ ಮೇಲೆ ಇಟ್ಟೆವು. ಅಲ್ಲಿಂದ ಕೆಳಗೆ ಒದ್ದೆ ಮಣ್ಣಿನ ಇಳಿಜಾರು. ಹೋಗೋ ಹಾಗಿಲ್ಲ. ಎರಡು ಗಂಟೆ ಅವಳು ಅಲ್ಲೇ ಇದ್ದಳು. "ಬೆಂಡು ಮುಳುಗ್ತು, ಎಳಿಯೋ!" ಎಂದು ಪ್ರತಿ ಸಲವೂ ಮೊದಲು ಕೂಗಿದ್ದು ಅವಳೇ. ತಮ್ಮನ ಗಮನ ಹಕ್ಕಿಗಳ ಮೇಲಿತ್ತು.

ಹೊರಡುವಾಗ "ಚೆನ್ನಾಗಿತ್ತು ಅಂಕಲ್" ಎಂದಳು. ಏನು ಚೆನ್ನಾಗಿತ್ತೋ! ಅವರ ಕಾರು ಮರೆಯಾದ ಮೇಲೆ ಟೇಪು ತಂದು ಅಳೆದೆ. ಅವಳ ಕುರ್ಚಿಯ ಗಾಲಿ ಇದ್ದ ಗುರುತಿನಿಂದ ನೀರಿಗೆ ಸರಿಯಾಗಿ ಮೂರಡಿ.

ಹೊಂಡವನ್ನು ಮಕ್ಕಳಿಗೆ, ಅಂಗವಿಕಲರಿಗೆ ತೆರೆಯೋಣ ಎಂದು ತೀರ್ಮಾನಿಸಿದ್ದು ಆವತ್ತೇ. ಒಂದು ಇಳಿಜಾರು ದಾರಿ ಮಾಡಿದರೆ ಮುಗೀತು ಅಂದುಕೊಂಡಿದ್ದೆ. ಆ ಮೂರಡಿ ದಾಟಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು.

ದಾರಿಯ ಲೆಕ್ಕ ಸುಲಭ. ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ನನ್ನ ಏರಿ ಹೊರಗಿನ ನೆಲಕ್ಕಿಂತ ಎರಡೂವರೆ ಅಡಿ ಎತ್ತರ. ಅಂದರೆ 30 ಅಡಿ ದಾರಿ. ಮೊದಲು ಜಲ್ಲಿ ಸುರಿದೆ. ಅದು ತಪ್ಪು. ವೀಲ್‌ಚೇರಿನ ಮುಂದಿನ ಪುಟ್ಟ ಗಾಲಿಗಳು ಜಲ್ಲಿಯಲ್ಲಿ ಹೂತು ನಿಂತುಬಿಡುತ್ತವೆ. ಅದನ್ನೆಲ್ಲ ಕೆರೆದು ತೆಗೆದು, ಕಲ್ಲುಪುಡಿ ಹಾಕಿ, ನೀರು ಬಿಟ್ಟು ದಮ್ಮಸ್ಸು ಮಾಡಿಸಿದೆ. ಮೇಲೆ ಹತ್ತಿದ ಕೂಡಲೇ ಕುರ್ಚಿ ತಿರುಗಿಸಲು ಐದಡಿ ಅಗಲ, ಐದಡಿ ಉದ್ದದ ಸಮತಟ್ಟು ಜಾಗ. ಅಲ್ಲಿಂದ ನೀರಿನ ಮೇಲಕ್ಕೆ ಚಾಚಿದ ಮರದ ಅಟ್ಟ. ಹಲಗೆಗಳನ್ನು ಗಾಲಿ ಓಡುವ ದಿಕ್ಕಿಗೆ ಅಡ್ಡವಾಗಿ ಹಾಕಬೇಕು, ನಡುವಿನ ಸಂದು ಅರ್ಧ ಇಂಚು ದಾಟಬಾರದು. ಉದ್ದಕ್ಕೆ ಹಾಕಿದರೆ ಗಾಲಿ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಚಿಗೆ ನಾಲ್ಕು ಇಂಚಿನ ದಿಮ್ಮಿ ಬಡಿಸಿದೆ. ಬ್ರೇಕು ಜಾರಿದರೂ ಕುರ್ಚಿ ಅಲ್ಲಿ ನಿಲ್ಲುತ್ತದೆ.

ಎಡವಿದ್ದು ಕೈಕಂಬಿಯಲ್ಲಿ. ಸುರಕ್ಷತೆ ಅಂತ ಮೂರೂವರೆ ಅಡಿ ಎತ್ತರಕ್ಕೆ ಕಬ್ಬಿಣದ ಕಂಬಿ ಹಾಕಿಸಿ ಬೀಗುತ್ತಿದ್ದೆ. ಅದೇ ಹುಡುಗಿಯನ್ನು ಕರೆಸಿದೆ. ಅವಳು ಅಟ್ಟದ ತುದಿಗೆ ಹೋಗಿ ಸುಮ್ನೆ ಕೂತಳು. "ಅಂಕಲ್, ನಂಗೆ ಪೈಪು ಕಾಣ್ತಿದೆ. ನೀರು ಕಾಣ್ತಿಲ್ಲ." ನಾನೂ ಒಂದು ಕುರ್ಚಿ ಎಳೆದು ಕೂತು ನೋಡಿದೆ. ಕಂಬಿ ಕಣ್ಣಿಗೆ ಅಡ್ಡ. ಇಷ್ಟು ದಿನ ನಿಂತೇ ಅಳೆದಿದ್ದೆನಲ್ಲ! ನಾಲ್ಕು ಕಡೆ ಅದನ್ನು ಕತ್ತರಿಸಿ 34 ಇಂಚಿಗೆ ಇಳಿಸಿದೆವು, ಮಕ್ಕಳಿಗಾಗಿ ಒಂದು ಕಡೆ ಇನ್ನೂ ತಗ್ಗು.

ಆದರೆ ತಗ್ಗು ಕಂಬಿ ಕಂಡರೆ ಓಡಾಡುವ ಮಕ್ಕಳು ಹತ್ತದೆ ಬಿಡುತ್ತಾರಾ? ಇಲ್ಲೇ ನನಗೆ ತಲೆನೋವು ಶುರುವಾಗಿದ್ದು. ಕುರ್ಚಿಯಲ್ಲಿ ಬಂದವರನ್ನು ಆ ಮೂರಡಿ ದಾಟಿಸಬೇಕು. ಚಿಕ್ಕ ಮಕ್ಕಳನ್ನು ಅದೇ ಮೂರಡಿ ದಾಟದಂತೆ ತಡೆಯಬೇಕು. ಒಂದೇ ಅಟ್ಟ ಎರಡನ್ನೂ ಪೂರ್ತಿ ಮಾಡಲಾರದು. ಅಡ್ಡ ಸರಳುಗಳನ್ನು ತೆಗೆಸಿ ನೆಟ್ಟಗೆ ನಿಲ್ಲುವ ಸರಳು ಹಾಕಿಸಿದೆ. ಕಾಲಿಡಲು ಮೆಟ್ಟಿಲು ಸಿಗುವುದಿಲ್ಲ. ಶಾಲೆಯ ಗುಂಪಿಗೆ ಬೇರೆ ದಿನ ಇಟ್ಟೆ. ಮಕ್ಕಳೆಲ್ಲರಿಗೂ, ಈಜು ಬಂದರೂ ಬರದಿದ್ದರೂ, ಗೇಟಿನಲ್ಲೇ ಲೈಫ್ ಜಾಕೆಟ್. ತೊಡಿಸಿದ ಮೇಲೆ ಎರಡು ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡುತ್ತೇನೆ. ಜಾಕೆಟ್ ಗದ್ದ ದಾಟಿ ಮೇಲೆ ಬಂದರೆ ಅದು ಸಡಿಲ, ನೀರಿನಲ್ಲೂ ಹಾಗೇ ಕಳಚಿ ಬರುತ್ತದೆ.

ನನ್ನ ಬಳಿ ಇನ್ನೊಂದು ಹೊಂಡ ಇದೆ, ಪ್ಲಾಸ್ಟಿಕ್ ಹಾಳೆ ಹಾಸಿದ್ದು. ಅದನ್ನು ಯಾರಿಗೂ ತೆರೆದಿಲ್ಲ, ತೆರೆಯುವುದೂ ಇಲ್ಲ. ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಗಟ್ಟಿಮುಟ್ಟಾದ ದೊಡ್ಡವರೂ ಹತ್ತಿ ಬರಲಾರರು. ಅದರ ಸುತ್ತ ಬೇಲಿ ಹಾಕಿ, ಒಳಗೆ ನಾಲ್ಕು ಬದಿಗೂ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೇನೆ. ನೀವೂ ಇಂಥ ಹೊಂಡ ಇಟ್ಟುಕೊಂಡು ಮಕ್ಕಳನ್ನು ಕರೆಯುವ ಯೋಚನೆಯಲ್ಲಿದ್ದರೆ ದಯವಿಟ್ಟು ಬೇಡ.

ಮುಳುಗುವವರು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಪರದಾಟ, ಕೂಗೋದು ಎಲ್ಲಿಂದ? ಹಾಗಾಗಿ ಎಷ್ಟು ಜನ ಬಂದರೂ ಒಬ್ಬರು ಗಾಳ ಮುಟ್ಟದೆ, ಫೋನು ನೋಡದೆ, ನೀರನ್ನಷ್ಟೇ ನೋಡುತ್ತಾ ನಿಲ್ಲುತ್ತಾರೆ. ಅರ್ಧ ಗಂಟೆಗೊಮ್ಮೆ ಆಳು ಬದಲು. ಪಕ್ಕದಲ್ಲಿ ಉದ್ದನೆ ಗಳು, ಹಗ್ಗ ಕಟ್ಟಿದ ಟ್ಯೂಬು. ಮೊದಲು ಗಳು ಚಾಚು, ಆಮೇಲೆ ಟ್ಯೂಬು ಎಸೆ, ನೀನು ಹಾರಬೇಡ. ಇದನ್ನು ಪ್ರತಿ ಸಲ ಹೇಳಿಸುತ್ತೇನೆ. ಆಟಿಸಂ ಇರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ನೀರೆಂದರೆ ಸೆಳೆತ, ಕಣ್ಣು ತಪ್ಪಿಸಿ ಅತ್ತ ನಡೆದುಬಿಡುತ್ತಾರೆ. ಅಂಥ ಮಗು ಬಂದರೆ ಆ ಮಗುವಿಗೇ ಅಂತ ಒಬ್ಬರು. ಅವತ್ತು ನೀರಿಗೆ ಗಾಳಿ ಊದುವ ಪಂಪನ್ನೂ ನಿಲ್ಲಿಸುತ್ತೇನೆ, ಅದರ ಸದ್ದು ಕೆಲವರಿಗೆ ಆಗುವುದಿಲ್ಲ.

ಬ್ಯಾಟರಿ ಕುರ್ಚಿ ಬಂದಾಗ ಇನ್ನೊಂದು ಪ್ರಶ್ನೆ ಎದ್ದಿತು. ಕೂತವರೂ ಸೇರಿದರೆ ಅದರ ತೂಕ ನೂರು ಕಿಲೋ ಸುಲಭವಾಗಿ ದಾಟುತ್ತದೆ. ಬೆಲ್ಟ್ ಕಟ್ಟಿಕೊಂಡೇ ನೀರಿಗೆ ಬಿದ್ದರೆ ಲೈಫ್ ಜಾಕೆಟ್ಟಿನಿಂದ ಏನೂ ಆಗದು. ಹಾಗಂತ ಬೆಲ್ಟ್ ಬಿಚ್ಚಿ ಎನ್ನಲೂ ಆಗುವುದಿಲ್ಲ, ಅದಿಲ್ಲದೆ ಕೂರಲಾಗದವರಿದ್ದಾರೆ. ಅವರನ್ನೇ ಕೇಳುತ್ತೇನೆ. ಅಟ್ಟದ ತುದಿಯಲ್ಲಿ ಕುರ್ಚಿ ನೀರಿಗೆ ಪಕ್ಕವಾಗಿ ನಿಲ್ಲಬೇಕು, ಮೋಟಾರ್ ಆಫ್ ಆಗಿರಬೇಕು. ಇದರಲ್ಲಿ ಮಾತ್ರ ಚೌಕಾಸಿ ಇಲ್ಲ.

ನನ್ನಿಂದಾದ ಒಂದು ತಪ್ಪು ಇನ್ನೂ ಚುಚ್ಚುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬರು ಮೊಣಕಾಲನ್ನು ಕಬ್ಬಿಣದ ಕಂಬಿಗೆ ಒತ್ತಿಕೊಂಡು ಕೂತಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ಪರ್ಶ ಹೋದವರು. ಕಂಬಿ ಕಾದಿತ್ತು. ಅವರಿಗೆ ಗೊತ್ತಾಗಲಿಲ್ಲ, ನನಗೆ ಹೊಳೆಯಲಿಲ್ಲ. ಮನೆಗೆ ಹೋದ ಮೇಲೆ ಬೊಬ್ಬೆ ಎದ್ದಿದ್ದು ನೋಡಿ ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪೆಟ್ಟು ಬೆನ್ನಿನ ಮೇಲ್ಭಾಗಕ್ಕೆ ಬಿದ್ದವರಿಗೆ ಅಲ್ಲಿಂದ ಕೆಳಗೆ ಸರಿಯಾಗಿ ಬೆವರುವುದೂ ಇಲ್ಲ, ಸೆಕೆಗೆ ಮೈ ಬೇಗ ಕಾಯುತ್ತದೆ ಎಂಬುದೂ ಅವರಿಂದಲೇ ತಿಳಿಯಿತು. ಮರುವಾರ ಕಂಬಿಗೆ ಮರದ ಪಟ್ಟಿ ಬಂತು, ಅಟ್ಟಕ್ಕೆ ಚಪ್ಪರ ಬಂತು. ಬಿಸಿಲಿನ ಹೊತ್ತಿಗೆ ಕಾರ್ಯಕ್ರಮ ಇಡುವುದನ್ನೇ ಬಿಟ್ಟೆ.

ಶೌಚಾಲಯದ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಸಲ ಬಂದ ಮಹಿಳೆಯೊಬ್ಬರು ಕೊಟ್ಟ ನೀರು ಮುಟ್ಟಲಿಲ್ಲ. ಆಮೇಲೆ ಗೊತ್ತಾಯಿತು, ಬೆಳಗಿನಿಂದಲೇ ಅವರು ನೀರು ಕುಡಿದಿರಲಿಲ್ಲ. ನಮ್ಮಲ್ಲಿ ಕುರ್ಚಿ ಹೋಗುವ ಬಾಗಿಲು ಇರುವುದಿಲ್ಲ ಎಂದು ಊಹಿಸಿಕೊಂಡೇ ಹೊರಟಿದ್ದರು. ಊಹೆ ಸರಿಯಾಗಿತ್ತು. ಈಗ ಬಾಗಿಲ ತೆರವು 32 ಇಂಚು, ಹಿಡಿದುಕೊಳ್ಳಲು ಕಂಬಿ ಇದೆ, ಮತ್ತು ಇದು ಇದೆ ಎಂದು ಬರುವ ಮೊದಲೇ ಫೋನಿನಲ್ಲಿ ಹೇಳುತ್ತೇನೆ. ಅಟ್ಟಕ್ಕಿಂತ ಮೊದಲು ಇದನ್ನು ಕಟ್ಟಿಸಬೇಕಿತ್ತು.

ಇನ್ನು ಮೀನು. ಇಷ್ಟೆಲ್ಲ ಮಾಡಿದ ಮೇಲೆ ಮೀನು ಆಚೆ ದಡದಲ್ಲಿದ್ದರೆ? ಮೊದಲ ಗುಂಪಿಗೆ ಹಾಗೇ ಆಯಿತು. ಒಂದೂವರೆ ಗಂಟೆಯಲ್ಲಿ ಎರಡೇ ಮೀನು. ಮಕ್ಕಳು ಕಲ್ಲು ಎಸೆಯಲು ಶುರುಮಾಡಿದರು, ಅವರ ತಪ್ಪಲ್ಲ. ಆಮೇಲೆ ನಾನು ದಿನಾ ಒಂದೇ ಹೊತ್ತಿಗೆ, ಅಟ್ಟದ ಕೆಳಗೇ ಮೇವು ಹಾಕುವ ಅಭ್ಯಾಸ ಮಾಡಿದೆ. ಕೆಲವೇ ದಿನಕ್ಕೆ ಹೆಜ್ಜೆ ಸದ್ದಿಗೇ ಗೆಂಡೆ ಮೀನುಗಳು ಬಂದು ಮುತ್ತತೊಡಗಿದವು. ಗುಂಪು ಬರುವ ಹಿಂದಿನ ದಿನ ಮೇವು ಬಂದ್. ಮಕ್ಕಳಿಗೆ ತಿಲಾಪಿಯಾ ಇರುವ ಮೂಲೆ ಸಾಕು. ಐದು ನಿಮಿಷಕ್ಕೊಮ್ಮೆ ಒಂದು ಅಂಗೈಯಗಲದ ಮೀನು ಸಿಕ್ಕರೆ ಅವರಿಗೆ ಹಬ್ಬ. ದೊಡ್ಡ ಮೀನು ನಮ್ಮಂಥ ವಯಸ್ಸಾದವರ ಹುಚ್ಚು.

ಮೋಡ ಮುಚ್ಚಿದ ದಿನಗಳು ಕಳೆದ ಮೇಲೆ ಬೆಳಗಿನ ಜಾವ ಹೊಂಡಕ್ಕೆ ಹೋಗಿ ನೋಡಿಯೇ ನೋಡುತ್ತೇನೆ. ರಾತ್ರಿಯೆಲ್ಲ ಪಾಚಿಯೂ ಮೀನೂ ಉಸಿರಾಡಿ, ಸೂರ್ಯ ಹುಟ್ಟುವ ಹೊತ್ತಿಗೆ ನೀರಿನ ಆಮ್ಲಜನಕ ತೀರಾ ಇಳಿದಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ. 3ಕ್ಕೆ ಇಳಿದರೆ ಅವತ್ತು ಗಾಳ ಇಲ್ಲ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೀಟರೂ ಬೇಕಿಲ್ಲ. ನಮ್ಮಲ್ಲಿ ಹಿಡಿದ ಮೀನನ್ನು ವಾಪಸ್ ಬಿಡುವ ಕ್ರಮ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣಗೈ ಮುಟ್ಟಿದರೆ ಮೈಮೇಲಿನ ಲೋಳೆ ಹೋಗುತ್ತದೆ. "ನೀವು ಉಸಿರು ಹಿಡಿದಿರುವಷ್ಟು ಹೊತ್ತು ಮಾತ್ರ ಮೀನು ಹೊರಗೆ" ಎಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಕೆಂಪಗಾಗುವ ತನಕ ಉಸಿರು ಹಿಡಿಯುತ್ತಾರೆ!

ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಯೇ ಗಾಳ ಕೊಡುವುದು. ಮೀನಿಗೆ ಒಳ್ಳೆಯದು, ಮಕ್ಕಳ ಕಿವಿಗೂ ಒಳ್ಳೆಯದು. ಒಳಮುಳ್ಳಿಲ್ಲದ ಕೊಕ್ಕೆ ಚರ್ಮಕ್ಕೆ ಚುಚ್ಚಿದರೂ ಬಂದ ದಾರಿಯಲ್ಲೇ ಜಾರಿ ಹೊರಬರುತ್ತದೆ. ತಲೆಯ ಮೇಲಿಂದ ಬೀಸಿ ಎಸೆಯುವುದು ನಿಷೇಧ. ಗುಡುಗು ಕೇಳಿಸಿದರೆ ಎಲ್ಲ ಕೋಲೂ ಕೆಳಗೆ, ಎಲ್ಲರೂ ಒಳಗೆ, ಕೊನೆಯ ಗುಡುಗಾಗಿ ಅರ್ಧ ಗಂಟೆಯ ತನಕ. ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ.

ರೀಲು ಇರುವ ದುಬಾರಿ ಕೋಲುಗಳನ್ನು ತಂದಿದ್ದೆ. ಬಹಳಷ್ಟು ಜನಕ್ಕೆ ಅದು ಬೇಕಾಗಲಿಲ್ಲ. ಒಂದೇ ಕೈ ಬಳಸುವವರಿಗೆ ಹಗುರವಾದ ಉದ್ದ ಕೋಲು, ಅದರಷ್ಟೇ ಉದ್ದದ ದಾರ, ಕೋಲು ಸಿಕ್ಕಿಸಲು ಕುರ್ಚಿಯ ಕೈಗೆ ಬಿಗಿದ ಒಂದು ಪೈಪಿನ ತುಂಡು, ಅಷ್ಟೇ ಸಾಕು. ಕಣ್ಣು ಕಾಣದವರಿಗೆಂದು ಕೋಲಿನ ತುದಿಗೆ ಗೆಜ್ಜೆ ಕಟ್ಟಿದೆ. ಬಂದಾತ ಸ್ವಲ್ಪ ಹೊತ್ತು ಕೇಳಿ "ಗಾಳಿಗೂ ಇದು ಬಡ್ಕೊಳ್ತದೆ, ತೆಗೀರಿ ಸಾರ್" ಎಂದ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕೂತ. ಮೀನು ಮೂಸುವುದು, ಕಚ್ಚುವುದು, ಬಿಡುವುದು ಎಲ್ಲವನ್ನೂ ನಮಗೆ ಹೇಳುತ್ತಾ ಹೋದ. ನನಗೆ ಬೆಂಡು ನೋಡಿದರೂ ಅಷ್ಟು ತಿಳಿಯುವುದಿಲ್ಲ.

ಸಹಾಯಕ್ಕೆ ಬರುವವರಿಗೆ ಹೇಳಿಕೊಡುವುದೇ ನನಗೆ ಕಷ್ಟದ ಕೆಲಸ. ಮೀನು ಕಚ್ಚಿದ ಕೂಡಲೇ ಕೋಲು ಕಿತ್ತುಕೊಂಡು ತಾವೇ ಎಳೆದುಬಿಡುತ್ತಾರೆ. ನಾನೂ ಮಾಡಿದ್ದೇನೆ. ಈಗ ನಿಯಮ: ಕೇಳುವ ತನಕ ಕೈ ಹಿಂದೆ. ಮೀನು ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ. ಗೆಳೆಯನ ಮಗಳಂತೂ ನನ್ನನ್ನು ಹತ್ತಿರವೇ ಬಿಡುವುದಿಲ್ಲ. "ಅಂಕಲ್, ಆಚೆ ಹೋಗಿ, ನಿಮ್ಮ ನೆರಳು ನೀರಿಗೆ ಬೀಳ್ತಿದೆ" ಅಂತಾಳೆ.

ವಿಮೆಯವರನ್ನು, ಒಬ್ಬ ವಕೀಲರನ್ನು ಶುರುವಿಗೇ ಕಂಡಿದ್ದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೂ ಸರಿಯಾಗಿ ನೋಡಿಕೊಳ್ಳುವ ಹೊಣೆ ನನ್ನ ಮೇಲೆಯೇ ಎಂದು ಅವರು ಬಿಡಿಸಿ ಹೇಳಿದರು. ಆ ಕೆಲಸ ಬೇಸರದ್ದು, ಆದರೂ ಮೊದಲೇ ಮುಗಿಸಿ.

ಈಗಿನ ತಾಪತ್ರಯ ನೀರಿನ ಮಟ್ಟ. ನನ್ನ ಅಟ್ಟ ಕದಲುವುದಿಲ್ಲ, ನೀರು ಬೇಸಿಗೆಗೆ ನಾಲ್ಕಡಿ ಇಳಿಯುತ್ತದೆ. ಆಗ ಕುರ್ಚಿಯಲ್ಲಿ ಕೂತವರ ಕೋಲಿಗೆ ಮೀನನ್ನು ಮೇಲೆತ್ತುವುದು ಆಗುವುದಿಲ್ಲ, ಕೆಳಗೆ ಬಲೆ ಹಿಡಿದು ನಾನೇ ಇಳಿಯಬೇಕು. ಮತ್ತೆ ಅದೇ ಮೂರಡಿ! ಡ್ರಮ್ಮುಗಳ ಮೇಲೆ ತೇಲುವ ಅಟ್ಟ ಮಾಡಿದರೆ ನೀರಿನ ಜೊತೆ ಏರಿ ಇಳಿಯುತ್ತದೆ, ಆದರೆ ನೀರು ಇಳಿದಷ್ಟೂ ಅದಕ್ಕೆ ಹೋಗುವ ಹಲಗೆ ಕಡಿದಾಗುತ್ತದೆ. ನಾಲ್ಕಡಿ ಇಳಿತಕ್ಕೆ 48 ಅಡಿ ಹಲಗೆ, ನಡುವೆ ತಂಗುವ ಜಾಗ ಬೇರೆ. ಅಷ್ಟುದ್ದವನ್ನು ಏರಿಯ ಪಕ್ಕಕ್ಕೇ ಹಾಯಿಸಬಹುದಾ ಎಂದು ಹಗ್ಗ ಕಟ್ಟಿ ಗುರುತು ಮಾಡಿದ್ದೇನೆ. ಡ್ರಮ್ಮುಗಳು ಬಂದಿವೆ. ಹಲಗೆ ಇನ್ನೂ ಬರಬೇಕು.