ಬೆಕ್ಕಿಗೆ ಜೊಲ್ಲು ಸುರಿಯುತ್ತಿದೆಯೇ? ಬಾಯಿಗೆ ಕೈಹಾಕುವ ಮುನ್ನ ಓದಿ

ತಟ್ಟೆ ಕಂಡ ಮಾತ್ರಕ್ಕೆ ಜೊಲ್ಲು ಸುರಿಸುವುದು ನಾಯಿಯ ಸ್ವಭಾವ, ಬೆಕ್ಕಿನದಲ್ಲ. ಹಾಗಾಗಿ ಬೆಕ್ಕಿನ ಗದ್ದ, ಎದೆಯ ಕೂದಲು ಒದ್ದೆಯಾಗಿ ಅಂಟಿಕೊಂಡಿದ್ದರೆ ಅದನ್ನು ಗಮನಿಸಲೇಬೇಕು. ಇದಕ್ಕೊಂದು ವಿನಾಯಿತಿ ಇದೆ. ತೊಡೆಯೇರಿ ಕುಳಿತು, ಗುರುಗುರು ಸದ್ದು ಮಾಡುತ್ತಾ, ಮುಂಗಾಲುಗಳಲ್ಲಿ ಚಪಾತಿ ಹಿಟ್ಟು ನಾದಿದಂತೆ ನಾದುವಾಗ ಕೆಲವು ಬೆಕ್ಕುಗಳಿಗೆ ಸುಖಕ್ಕೇ ಜೊಲ್ಲು ಇಳಿಯುತ್ತದೆ. ಮರಿಯಾಗಿದ್ದಾಗಿನಿಂದಲೂ ಹೀಗೆಯೇ ಇದ್ದರೆ ತೊಡೆಯ ಮೇಲೊಂದು ಬಟ್ಟೆ ಹಾಸಿಕೊಳ್ಳಿ, ಸಾಕು.

ಹಾಗಲ್ಲದಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವಾಗಿನಿಂದ?

ಈಗಷ್ಟೇ ಶುರುವಾಗಿದ್ದರೆ ಬೆಕ್ಕನ್ನು ಬಿಟ್ಟು ಮನೆಯನ್ನು ನೋಡಿ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದಿರಾ? ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕಿಯೇ ನೆಕ್ಕುತ್ತದೆ. ಮನಿ ಪ್ಲಾಂಟಿನ ಎಲೆ ಕಚ್ಚಿದ ಗುರುತಿದೆಯೇ? ಮಳೆಗಾಲದ ಸಂಜೆ ಅಂಗಳದಲ್ಲಿ ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡಿತೇ? ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ನಾಯಿಯ ಉಣ್ಣೆ-ಚಿಗಟಕ್ಕೆಂದು ತಂದ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿನ ಕುತ್ತಿಗೆಗೂ ಹಾಕಿಬಿಡುವುದು. ನಾಯಿ ತಡೆದುಕೊಳ್ಳುವ ಈ ಔಷಧ ಬೆಕ್ಕಿಗೆ ನಡುಕ, ಸೆಳೆತ ತಂದು ಜೀವವನ್ನೇ ತೆಗೆಯಬಹುದು. ನಡುಕ ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪಿನ ದ್ರವ, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ಔಷಧದ ಪೊಟ್ಟಣದ ಸಮೇತ ಪಶುವೈದ್ಯರಲ್ಲಿಗೆ ಓಡಿ. ನಡುಕ ಕಂಡರೆ ತೊಳೆಯುತ್ತಾ ಕೂರದೆ ಹೊರಡಿ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವುದು ಬೇಡವೇ ಬೇಡ.

ಕಹಿ ಮಾತ್ರೆ ನುಂಗಿಸಿದ ಬೆನ್ನಿಗೇ ನೊರೆ ಬಂದರೆ ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಕಾರಿನಲ್ಲಿ ಕೂರಿಸಿದಾಗ ಸುರಿಯುವುದು ಹೊಟ್ಟೆ ತೊಳಸುವುದರಿಂದ.

ಇನ್ನು ಬಾಯಿ ನೋಡುವ ಹೆಜ್ಜೆ. ಬೆಕ್ಕಿಗೆ ರೇಬಿಸ್ ಲಸಿಕೆ ಆಗಿಲ್ಲದೆ, ಅದರ ನಡವಳಿಕೆಯೂ ಏಕಾಏಕಿ ಬದಲಾಗಿದ್ದರೆ, ನುಂಗಲಾಗದೆ ಒದ್ದಾಡುತ್ತಿದ್ದರೆ ಮುಟ್ಟಲೇಬೇಡಿ. ಅಂಥ ಜೊಲ್ಲು ನಿಮ್ಮ ಗಾಯಕ್ಕೆ ತಗುಲಿದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಆ ಅನುಮಾನ ಇಲ್ಲವೆಂದಾದರೆ, ಬೆಳಕಿನಲ್ಲಿ ಕೂರಿಸಿ ತುಟಿಯನ್ನು ಮೆಲ್ಲಗೆ ಮೇಲೆತ್ತಿ. ನಾಲಿಗೆಯ ಬುಡದಲ್ಲಿ ದಾರ ಸುತ್ತಿಕೊಂಡಿರಬಹುದು. ಹೊಲಿಗೆಯ ದಾರ, ಹೂವು ಕಟ್ಟಿದ ದಾರ, ಎರಡೂ ಬೆಕ್ಕಿಗೆ ಆಟಿಕೆಯೇ. ಕಂಡ ತುದಿಯನ್ನು ಎಳೆಯಬೇಡಿ. ಇನ್ನೊಂದು ತುದಿ ಕರುಳಿನಲ್ಲಿದ್ದರೆ ಅದು ಗರಗಸದಂತೆ ಕೊಯ್ಯುತ್ತದೆ. ಮೀನಿನ ಮುಳ್ಳು ಸಿಕ್ಕಿಕೊಂಡಿದ್ದರೂ ವೈದ್ಯರೇ ತೆಗೆಯಲಿ.

ದಿನಗಟ್ಟಲೆಯ ಜೊಲ್ಲಿಗೆ ಹೆಚ್ಚಾಗಿ ಹಲ್ಲು, ಒಸಡುಗಳೇ ಕಾರಣ. ಬಾಯಿ ನಾರುತ್ತದೆ, ಒಸಡು ಕೆಂಪೇರಿರುತ್ತದೆ, ಬೆಕ್ಕು ಹಸಿವಾಗಿ ತಟ್ಟೆಯ ಬಳಿ ಬಂದು, ಒಂದು ತುತ್ತು ಬಾಯಿಗಿಟ್ಟು ಹಿಂದೆ ಸರಿಯುತ್ತದೆ. ಇದಕ್ಕೆ ಅರಿವಳಿಕೆ ಕೊಟ್ಟು ಹಲ್ಲು ಶುಚಿ ಮಾಡುತ್ತಾರೆ, ಕೆಟ್ಟದ್ದನ್ನು ಕೀಳುತ್ತಾರೆ. ಬಾಯಿಯ ಉರಿಯೂತ ವಿಪರೀತವಾದರೆ ಎಲ್ಲ ಹಲ್ಲುಗಳನ್ನೂ ಕೀಳುವುದುಂಟು. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ನೋವು ಹೋದ ಬೆಕ್ಕು ಬೊಚ್ಚುಬಾಯಲ್ಲೇ ಚೆನ್ನಾಗಿ ಉಣ್ಣುತ್ತದೆ. ನಾಲಿಗೆಯ ಹುಣ್ಣಿನ ಜೊತೆ ಸೀನು, ಜ್ವರ ಇದ್ದರೆ ಕ್ಯಾಲಿಸಿ ವೈರಸ್ ಇರಬಹುದು, ಅದಕ್ಕೆ ಲಸಿಕೆಯಿದೆ. ವಯಸ್ಸಾದ ಬೆಕ್ಕಾದರೆ ಮೂತ್ರಪಿಂಡದ ಕಾಯಿಲೆ, ಬಾಯಿಯ ಗಡ್ಡೆ ಇವೆಯೇ ಎಂದೂ ಪರೀಕ್ಷಿಸಬೇಕು.

ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಇಡೀ ದಿನ ಏನೂ ತಿನ್ನದಿದ್ದರೆ ನಾಳೆ ನೋಡೋಣವೆನ್ನಬೇಡಿ. ಹೊರಡುವ ಮುನ್ನ ಜೊಲ್ಲು ಸುರಿಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ವೈದ್ಯರ ಮೇಜಿನ ಮೇಲೆ ಬೆಕ್ಕು ಬಾಯಿ ಬಿಗಿದು ಕೂತುಬಿಡುತ್ತದೆ.