ಮೌಲ್ ಕುಸಿದಾಗ ರೆಫರಿ ತೀರ್ಪು ನೀಡುವುದು ಹೇಗೆ?

ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಕಬಡ್ಡಿ ಅಂಕಣಗಳಲ್ಲಿ ರೈಡರನ್ನು ನಾಲ್ಕೈದು ಮಂದಿ ಸೇರಿ ಕೆಡವಿದರೆ ಚಪ್ಪಾಳೆ ಬೀಳುತ್ತದೆ. ರಗ್ಬಿಯಲ್ಲಿ ಮೌಲನ್ನು, ಅಂದರೆ ಚೆಂಡು ಹಿಡಿದವನ ಸುತ್ತ ಎರಡೂ ತಂಡದವರು ನಿಂತೇ ಬಿಗಿದುಕೊಂಡ ಗುಂಪನ್ನು, ಬೇಕೆಂದೇ ಕೆಡವಿದರೆ ಪೆನಾಲ್ಟಿ ಬೀಳುತ್ತದೆ. ಅಡಿಯಲ್ಲಿ ಸಿಲುಕಿದವರಿಗೆ ಅಪಾಯವಾಗುತ್ತದೆಂಬುದೇ ಇದಕ್ಕೆ ಕಾರಣ. 2008ರಲ್ಲಿ ಪ್ರಯೋಗಾರ್ಥವಾಗಿ ಕೆಡವಲು ಅನುಮತಿ ನೀಡಲಾಗಿತ್ತಾದರೂ ಮರುವರ್ಷವೇ ಅದನ್ನು ಕೈಬಿಡಲಾಯಿತು.

ರೆಫರಿಯು ಮೊದಲು ನಿರ್ಧರಿಸಬೇಕಾದುದು, ಬಿದ್ದದ್ದು ನಿಜಕ್ಕೂ ಮೌಲ್ ಆಗಿತ್ತೇ ಎಂಬುದನ್ನು. ಚೆಂಡು ಹಿಡಿದವನು, ಅವನ ತಂಡದ ಒಬ್ಬ, ಎದುರಾಳಿಗಳಲ್ಲಿ ಒಬ್ಬ, ಇಷ್ಟು ಮಂದಿಯಾದರೂ ನಿಂತುಕೊಂಡೇ ಪರಸ್ಪರ ಬಿಗಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ ಅದು ಮೌಲ್. ಲೈನ್‌ಔಟಿನಲ್ಲಿ (ಬದಿಗೆರೆಯಿಂದ ಎರಡು ತಂಡಗಳ ಸಾಲುಗಳ ನಡುವೆ ಚೆಂಡು ಎಸೆದು ಆಟ ಮತ್ತೆ ಆರಂಭಿಸುವಾಗ) ಹಾರಿ ಚೆಂಡು ಹಿಡಿದವನು ನೆಲಕ್ಕಿಳಿದ ಕೂಡಲೇ, ಸಂಗಾತಿಗಳು ಬಂದು ಸೇರುವ ಮೊದಲೇ, ಎದುರಾಳಿ ಅವನನ್ನು ಎಳೆದು ಕೆಡವಿದರೆ ಅದು ನಿಯಮಬದ್ಧ. ತೀರ್ಪುಗಳು ಹೆಚ್ಚಾಗಿ ತಪ್ಪುವುದು ಈ ಅರೆಕ್ಷಣದಲ್ಲೇ ಎಂದು ನನ್ನ ಅಭಿಪ್ರಾಯ.

ಮೌಲ್ ಏರ್ಪಟ್ಟಿತ್ತು ಎಂದಾದರೆ, ಅದನ್ನು ಯಾರು ಕೆಡವಿದರು ಎಂಬುದು ಮುಂದಿನ ಪ್ರಶ್ನೆ. ಬಿದ್ದ ರಾಶಿಯನ್ನು ನೋಡಿದರೆ ಉತ್ತರ ಸಿಗದು. ಬೀಳುವ ಮೊದಲೇ ಕಣ್ಣು ಅಲ್ಲಿರಬೇಕು. ಜೆರ್ಸಿ ಹಿಡಿದು ಕೆಳಕ್ಕೆ ಜಗ್ಗುವ ಕೈ, ಎದುರಾಳಿಯ ಕಾಲಿಗೆ ಹಾಕಿದ ಪಟ್ಟು, ಹಿಂದಿನಿಂದ ಬಾರದೆ ಬದಿಯಿಂದ ನುಗ್ಗಿದ ಆಟಗಾರ, ಸೊಂಟಕ್ಕಿಂತ ಕೆಳಗೆ ತಗ್ಗಿದ ತಲೆ ಮತ್ತು ಭುಜ, ಇವೆಲ್ಲ ಗಮನಿಸಬೇಕಾದ ಅಂಶಗಳು. ರಕ್ಷಿಸುವ ತಂಡವನ್ನಷ್ಟೇ ಸಂಶಯಿಸುವುದೂ ಸಲ್ಲದು, ಏಕೆಂದರೆ ನಿಯಮವು ಎರಡು ತಂಡಗಳಿಗೂ ಒಂದೇ. ತಪ್ಪು ನಡೆದ ಮೇಲೂ ಮೌಲ್ ಮುಂದೆ ಸಾಗುತ್ತಿದ್ದು ಯಾರಿಗೂ ಅಪಾಯವಿಲ್ಲದಿದ್ದರೆ, ಸೀಟಿ ಊದದೆ ಅಡ್ವಾಂಟೇಜ್ ಕೊಡಬಹುದು, ಅಂದರೆ ತಪ್ಪು ಮಾಡದ ತಂಡದ ಲಾಭಕ್ಕಾಗಿ ಆಟವನ್ನು ಮುಂದುವರಿಯಲು ಬಿಡಬಹುದು.

ಗೋಲ್‌ಲೈನಿನ ಹತ್ತಿರ ಮಾತ್ರ ತೀರ್ಪಿನ ತೂಕ ಬೇರೆ. ಆ ತಪ್ಪು ನಡೆಯದಿದ್ದರೆ ಬಹುಮಟ್ಟಿಗೆ ಟ್ರೈ (ಎದುರಾಳಿಯ ಗೋಲ್‌ಲೈನಿನಲ್ಲಿ ಅಥವಾ ಅದರಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದು) ಆಗುತ್ತಿತ್ತು ಎನಿಸಿದರೆ ಪೆನಾಲ್ಟಿ ಟ್ರೈ ಕೊಡಬೇಕು. ಅದಕ್ಕೆ 7 ಅಂಕ. ಟ್ರೈ ಬಳಿಕ ಹೆಚ್ಚುವರಿ ಅಂಕಕ್ಕಾಗಿ ಒದೆಯುವ ಕನ್ವರ್ಷನ್ ಕಿಕ್ ಇರುವುದಿಲ್ಲ. ತಪ್ಪಿತಸ್ಥನಿಗೆ ಕನಿಷ್ಠ ಹಳದಿ ಕಾರ್ಡ್ ತೋರಿಸಬೇಕು. ಹದಿನೈದು ಮಂದಿಯ ಆಟದಲ್ಲಿ ಅದರರ್ಥ 10 ನಿಮಿಷ ಹೊರಗೆ. ಟ್ರೈ ‘ಆಗಬಹುದಿತ್ತು’ ಎಂಬಷ್ಟು ಅಂದಾಜು ಇದಕ್ಕೆ ಸಾಲದು.

ಯಾರ ತಪ್ಪೂ ಇಲ್ಲದೆ ಮೌಲ್ ಬಿದ್ದು, ಚೆಂಡು ತಕ್ಷಣ ಹೊರಬಂದರೆ ಆಟ ಮುಂದುವರಿಯಲಿ. ಬಾರದಿದ್ದರೆ ಸ್ಕ್ರಮ್ (ಎರಡೂ ತಂಡದವರು ಬಾಗಿ ಹೆಣೆದುಕೊಂಡು ತಳ್ಳುತ್ತ, ನಡುವೆ ಹಾಕಿದ ಚೆಂಡಿಗಾಗಿ ಸೆಣಸುವುದು), ಮೌಲ್ ಆರಂಭವಾದಾಗ ಚೆಂಡು ಯಾವ ತಂಡದ ಬಳಿ ಇರಲಿಲ್ಲವೋ ಸ್ಕ್ರಮ್‌ಗೆ ಚೆಂಡು ಹಾಕುವ ಹಕ್ಕು ಆ ತಂಡದ್ದು. ಎದುರಾಳಿ ಆಟದ ನಡುವೆ ಒದ್ದ ಚೆಂಡನ್ನು ನೇರವಾಗಿ ಹಿಡಿದವನ ಸುತ್ತ ಕೂಡಲೇ ಮೌಲ್ ಕಟ್ಟಿಕೊಂಡಿದ್ದರೆ ಮಾತ್ರ ಆ ಹಕ್ಕು ಹಿಡಿದವನ ತಂಡಕ್ಕೇ ಸಲ್ಲುತ್ತದೆ.